ಎರಡನೇ ಹೆಸರು

ಬೆಳಿಗ್ಗೆ ಎಂಟೂವರೆಗೆ ಗ್ಯಾರೇಜಿನ ಫೋನು ಹೊಡೆದುಕೊಂಡಾಗ ಕ್ಲಾರೆನ್ಸ್ ಬೋಡ್ರಿಯ ಎರಡೂ ಕೈ ಸ್ಕೂಲ್ ಬಸ್ಸಿನ ಎಂಜಿನ್ನಿನೊಳಗಿದ್ದವು. ಬೆರಳಿಗೆಲ್ಲ ಗ್ರೀಸು. ಹಾಗಾಗಿ ಮೊಣಕೈಯಿಂದಲೇ ಸ್ಪೀಕರಿನ ಗುಂಡಿ ಒತ್ತಿದ. ಅವತ್ತಿನ ಅನಾಹುತಕ್ಕೆಲ್ಲ ಆ ಗುಂಡಿಯೇ ಮೂಲ.

"ಕ್ಲಾರೆನ್ಸ್, ವಿಮಾನದ ಆಫೀಸಿಂದ ಪೌಲೀನ್ ಮಾತಾಡ್ತಿದೀನಿ. ಶನಿವಾರ ಮೀನಿಗೆ ಹೋಗೋರ ಪಟ್ಟೀಲಿ ನೀನು ಒಬ್ನೇ ಇದೀಯಲ್ಲ?"

"ಹೌದು, ಒಬ್ನೇ."

"ಒಂಟಿಯಾಗಿ ಯಾರನ್ನೂ ರಸ್ತೆನೇ ಇಲ್ದಿರೋ ಆ ಉತ್ತರದ ಕೆರೆಗಳಲ್ಲಿ ಬಿಟ್ಟು ಬರಲ್ಲ ನಮ್ಮ ಪೈಲಟ್ಟು. ಸಂಜೆ ಐದರೊಳಗೆ ಇನ್ನೊಂದು ಹೆಸರು ಕೊಡು. ಇಲ್ದಿದ್ರೆ ಆ ಜಾಗ ಬೇರೆಯವ್ರಿಗೆ ಹೋಗತ್ತೆ." ಸ್ವಲ್ಪ ತಡೆದು, "ಫರ್ನಾಂಡ್ ವಿಷ್ಯ ಕೇಳಿ ತುಂಬ ಬೇಜಾರಾಯ್ತು ಕಣೋ" ಎಂದಳು.

ಇಪ್ಪತ್ತಾರು ವರ್ಷ, ಪ್ರತಿ ಜೂನಿನಲ್ಲೂ ಎಂಟು ದಿನ, ಕ್ಲಾರೆನ್ಸ್ ಮತ್ತು ಫರ್ನಾಂಡ್ ಒಂದೇ ದೋಣಿಯಲ್ಲಿ ಕೂತು ಗಾಳ ಹಾಕಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಫೆಬ್ರವರಿಯಲ್ಲಿ ಫರ್ನಾಂಡ್ ಮನೆಮುಂದಿನ ಹಿಮ ಎತ್ತುತ್ತಾ ಕುಸಿದವನು ಏಳಲಿಲ್ಲ. ಅಂದಿನಿಂದ ಊರಿಗೆ ಊರೇ ಕ್ಲಾರೆನ್ಸನಿಗೆ ಸಮಾಧಾನ ಹೇಳುತ್ತಿತ್ತು. ಆ ಸದ್ದಿನಲ್ಲಿ ಅವನಿಗೆ ಒಂದು ಸಲವೂ ಅಳಲಾಗಿರಲಿಲ್ಲ. ಆ ನೀರಿನ ಮೇಲೆ, ಯಾರೂ ಮಾತಾಡದ ಕಡೆ, ಒಮ್ಮೆ ಅತ್ತುಬಿಡಬೇಕು ಎಂಬುದಷ್ಟೇ ಅವನ ಆಸೆ.

ಪಕ್ಕದ ಬಸ್ಸಿನಡಿಯಿಂದ ಲಾಯ್ಡ್ ಪಿಕೆಟ್ಟನ ತಲೆ ಆಮೆಯ ತಲೆಯ ಹಾಗೆ ಹೊರಬಂತು. ಫೋನಿನ ಮಾತು ಪೂರಾ ಅವನ ಕಿವಿಗೆ ಬಿದ್ದಿತ್ತು.

"ಇದಕ್ಯಾಕೆ ತಲೆ ಕೆಡಿಸ್ಕೋತೀಯ? ನಾನು ಬರ್ತೀನಿ!"

ಲಾಯ್ಡ್ ಹಲ್ಲುಜ್ಜುವಾಗಲೂ ಮಾತಾಡುವ ಆಸಾಮಿ. ಕ್ಲಾರೆನ್ಸ್ ಗಾಬರಿಯಾಗಿ, "ಬೇಡಪ್ಪ, ಅಲ್ಲಿ ಕರಡಿ ಕಾಟ" ಎಂದ.

"ನಾನು ಮಾತಾಡ್ತಾ ಕೂತ್ರೆ ಯಾವ ಕರಡಿ ಹತ್ರ ಬರತ್ತೆ ಹೇಳು?"

ಕ್ಲಾರೆನ್ಸ್ ಮತ್ತೆ ಎಂಜಿನ್ನಿನೊಳಗೆ ತಲೆ ತೂರಿಸಿದ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಹೆಂಡತಿ ನೋರೀನ್ ಸೂಪು ಬಡಿಸುತ್ತಿದ್ದಳು. ಎದುರಿಗೆ ಪಕ್ಕದ ಮನೆಯ ವರ್ನಾ.

"ನನ್ನ ತಮ್ಮ ಡ್ವೈಟ್ ಖಾಲಿ ಇದಾನೆ. ಅಕಾರ್ಡಿಯನ್ನೂ ತರ್ತಾನಂತೆ. ಎಂಟು ದಿನ ಬಾರಿಸಿ ನಿನ್ನ ದುಃಖ ಎಲ್ಲಾ ಮರೆಸ್ಬಿಡ್ತಾನೆ" ಎಂದಳು ವರ್ನಾ.

ಮರೆಯುವುದಕ್ಕಲ್ಲ ತಾನು ಹೋಗುತ್ತಿರುವುದು ಎಂದು ಹೇಳಬೇಕೆನಿಸಿತು. ಬಾಯಲ್ಲಿ ಬಿಸಿ ಸೂಪಿತ್ತು. ವರ್ನಾ ಮೌನವನ್ನು ಒಪ್ಪಿಗೆಯೆಂದು ತಿಳಿದು ಎದ್ದು ಹೋದಳು.

ಮೂರು ಗಂಟೆಗೆಲ್ಲ ಅವನ ಹಿತ್ತಲಲ್ಲಿ ಯುದ್ಧ. ಲಾಯ್ಡ್ ಮರದ ಮೇಜಿನ ಮೇಲೆ ಕ್ಲಾರೆನ್ಸನ ನಕ್ಷೆ ಹರಡಿಕೊಂಡು, ಎಲ್ಲಿ ಗಾಳ ಹಾಕಬೇಕೆಂದು ಅಪ್ಪಣೆ ಕೊಡಿಸುತ್ತಿದ್ದ. ನಕ್ಷೆಯನ್ನು ಕೇಳದೆಯೇ ಒಳಗಿಂದ ತಂದಿದ್ದ. ಡ್ವೈಟ್ ತನ್ನ ದೋಣಿಯ ಮೋಟರನ್ನು ನೀರು ತುಂಬಿದ ಪೀಪಾಯಿಯ ಅಂಚಿಗೆ ಸಿಕ್ಕಿಸಿ ಪರೀಕ್ಷೆಗೆ ನಿಂತಿದ್ದ; ಅವನ ಬೆನ್ನಿಗೆ ಅಕ್ಕ ವರ್ನಾ.

"ಹೆಸರು ನಂದು ಹೋಗೋದು!"

"ಮೋಟರ್ ಇರೋನು ನಾನು!"

ಹಾಗೆಂದವನೇ ಡ್ವೈಟ್ ಹಗ್ಗ ಎಳೆದ. ಮೋಟರು ಹುಚ್ಚು ಹಿಡಿದ ಹೋತದಂತೆ ಕುಪ್ಪಳಿಸಿತು. ಪೀಪಾಯಿ ಮಗುಚಿ, ಅಷ್ಟೂ ನೀರು ಮೊದಲು ವರ್ನಾಳ ಮೇಲೆ, ಆಮೇಲೆ ನಕ್ಷೆಯ ಮೇಲೆ ಹರಿಯಿತು.

ಆ ನಕ್ಷೆಯ ತುಂಬ ಫರ್ನಾಂಡ್ ಮೊಂಡು ಪೆನ್ಸಿಲಿನಲ್ಲಿ ಹಾಕಿದ ಗುರುತುಗಳಿದ್ದವು. ಮೀನು ಸಿಕ್ಕ ಕಡೆಯೆಲ್ಲ ಒಂದು ಗೀಟು, ಪಕ್ಕದಲ್ಲಿ ಇಸವಿ. ಕ್ಲಾರೆನ್ಸ್ ಒರೆಸುವುದಕ್ಕೆ ಒಣಬಟ್ಟೆಗಾಗಿ ತಡಕಾಡಿದ. ಮಿಕ್ಕ ಮೂವರೂ ತಪ್ಪು ಯಾರದೆಂದು ಒಟ್ಟಿಗೆ ವಿವರಿಸತೊಡಗಿದರು.

ಆಗ ಗಲಾಟೆ ಕೇಳಿ ಎದುರು ಮನೆಯಿಂದ ಆರ್ವೊ ಲಾಹ್ಟಿನೆನ್ ಬೀದಿ ದಾಟಿ ಬಂದ. ಮರದ ಮಿಲ್ಲಿನಲ್ಲಿ ಗರಗಸಗಳಿಗೆ ಸಾಣೆ ಹಿಡಿಯುವ ಒಂಟಿ ಮನುಷ್ಯ. ಅವನ ದನಿ ಹೇಗಿದೆಯೆಂದು ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒದ್ದೆ ನಕ್ಷೆಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತನ್ನ ಬಟ್ಟೆಯ ತಂತಿಗೆ ಕ್ಲಿಪ್ಪು ಹಾಕಿದ. ಟೋಪಿಯಿಂದ ಗಾಳಿ ಬೀಸುತ್ತಾ ನಿಂತ. ಹಿಂದೆಯೇ ಓಡಿಬಂದ ಕ್ಲಾರೆನ್ಸನಿಗೆ ಬೆರಳು ಮಾಡಿ ತೋರಿಸಿದ: ಪೆನ್ಸಿಲಿನ ಗೀಟು ಒಂದೂ ಅಳಿಸಿರಲಿಲ್ಲ.

ಇಬ್ಬರೂ ಅದು ಒಣಗುವವರೆಗೆ ಮಾತಿಲ್ಲದೆ ನಿಂತರು. ಫೆಬ್ರವರಿಯಿಂದೀಚೆಗೆ ಕ್ಲಾರೆನ್ಸನಿಗೆ ಎದೆ ಹಗುರಾದದ್ದು ಅದೇ ಮೊದಲು.

"ಆರ್ವೊ, ಶನಿವಾರ ನನ್ನ ಜೊತೆ ಮೀನಿಗೆ ಬರ್ತೀಯಾ?"

ಆರ್ವೊ ಅವನನ್ನೇ ನೋಡಿದ. ಕಣ್ಣು ಒದ್ದೆಯಾದವು. ಹೂಂ ಎನ್ನುವಂತೆ ತಲೆಯಾಡಿಸಿದ.

ಐದಕ್ಕೆ ನಾಲ್ಕು ನಿಮಿಷವಿರುವಾಗ ಪೌಲೀನಿಗೆ ಹೆಸರು ತಲುಪಿತು. ಇನ್ನು ಬದಲಾಯಿಸುವ ಹಾಗಿಲ್ಲ ಎಂದಳು. ಬೇಕಾಗಿಯೂ ಇಲ್ಲ ಎಂದ ಕ್ಲಾರೆನ್ಸ್.

"ಆ ಮೂಗನ ಜೊತೆ ಎಂಟು ದಿನ ಏನ್ ಮಾಡ್ತೀಯೋ?" ಲಾಯ್ಡ್ ಮುಖ ಊದಿಸಿಕೊಂಡು ಕೇಳಿದ.

"ಸುಮ್ನೆ ಇರ್ತೀನಿ."

ಆರು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಆರ್ವೊ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನೋರೀನ್ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡ.

"ಮೂವತ್ತೊಂದು ವರ್ಷ ಆಯ್ತು ಕಣೋ ನಾನು ಈ ಬೀದಿಗೆ ಬಂದು," ಎಂದ. ದನಿ ಗಡುಸಾಗಿ, ಚೆನ್ನಾಗಿಯೇ ಇತ್ತು. "ಎಲ್ರೂ ತಮ್ಮ ತಮ್ಮದೇ ಹೇಳ್ಕೊಂಡ್ರು. ಒಬ್ರೂ ನನ್ನನ್ನ ಏನೂ ಕೇಳ್ಲಿಲ್ಲ. ಇವತ್ತು ನೀನು ಕೇಳ್ದೆ. ಒಳಗೆ ಎಲ್ಲಾ ಹಾಗೇ ಇಟ್ಕೊಂಡಿದೀನಿ. ಮೊದಲಿಂದ ಹೇಳ್ಬಿಡ್ತೀನಿ. ನಾನು ಹುಟ್ಟಿದ ದಿನ ಭಾರೀ ಹಿಮ ಬೀಳ್ತಿತ್ತಂತೆ..."

ಕ್ಲಾರೆನ್ಸ್ ನೋರೀನಳ ಕಡೆ ನೋಡಿದ. ನೋರೀನ್ ಮತ್ತೆ ಕಾಫಿಗೆ ನೀರಿಟ್ಟಳು.

ಎಂಟು ಗಂಟೆಯ ಹೊತ್ತಿಗೆ ಕಥೆಯೊಳಗೆ ಆರ್ವೊಗೆ ನಾಲ್ಕು ವರ್ಷ ತುಂಬಿತ್ತು. ಈಗ ಅವನಿಗೆ ಅರವತ್ತಮೂರು. ನಡುವೆ ಅವನ ತಾಯಿ ತೀರಿಕೊಂಡದ್ದು ಬಂತು; ಅದನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ಕ್ಲಾರೆನ್ಸ್ ಅವನ ಬೆನ್ನು ತಟ್ಟುತ್ತಾ, ಎಲ್ಲರೂ ತನಗೆ ಹೇಳಿದ್ದ ಸಮಾಧಾನದ ಮಾತುಗಳನ್ನೆಲ್ಲ ಒಂದೂ ಬಿಡದೆ ಅವನಿಗೆ ಹೇಳಿದ.

ಹೊರಡುವಾಗ ಆರ್ವೊ ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡ. ಮುಖ ತೊಳೆದಿಟ್ಟ ಹಾಗೆ ಹಗುರಾಗಿತ್ತು.

"ಕ್ಲಾರೆನ್ಸ್, ಎಂಟು ದಿನ ಸಾಲಲ್ಲ ಅನ್ಸತ್ತೆ. ನಾಳೆ ಬೆಳಿಗ್ಗೆ ಪೌಲೀನ್‌ಗೆ ಹೇಳಿ ಇನ್ನೊಂದು ವಾರ ಹೆಚ್ಚಿಗೆ ಹಾಕ್ಸೋಣ, ಏನಂತೀಯಾ?"