ಊರಿಗೊಂದು ಲೋಟ, ಪರದೇಶಕ್ಕೊಂದು ಲೋಟ

ಹೆದರಿಕೆಯಲ್ಲಿಯೂ ನಮಗೊಂದು ಅಹಂಕಾರ ಇರುತ್ತದೆ. ನಮ್ಮೂರಿನ ರೋಗವೆಂದರೆ ನೆಂಟರ ಹಾಗೆ, ಬಂದರೆ ಬಂತು, ನಾಲ್ಕು ದಿನ ಗಂಜಿ ಕುಡಿದು ಕಳಿಸಿದರಾಯಿತು. ಪರದೇಶದ ರೋಗವೆಂದರೆ ಮಾತ್ರ ಕೈಕಾಲು ನಡುಗುತ್ತದೆ. ಆಫ್ರಿಕದ ಕಂಪಾಲದಲ್ಲಿ ಹೋಟೆಲು ನಡೆಸುವ ಭಾವ, ಅಕ್ಕನ ಒತ್ತಾಯಕ್ಕೆ ಮಣಿದು ನನಗೆ ವಿಮಾನದ ಟಿಕೆಟು ಕಳಿಸಿದಾಗ ಈ ಸತ್ಯ ಬಯಲಾಯಿತು. ನಮ್ಮ ಕುಟುಂಬದಲ್ಲಿ ದುಬೈ, ಮಸ್ಕತ್ ನೋಡದವನು ನಾನೊಬ್ಬನೇ. ಮದುವೆ ಮನೆಗಳಲ್ಲಿ ಉಳಿದವರೆಲ್ಲ ವಿಮಾನದ ಮಾತಾಡುವಾಗ ನಾನು ಚಾರ್ಮಾಡಿ ಘಾಟಿಯ ತಿರುವುಗಳನ್ನು ವರ್ಣಿಸಿ ಮಾನ ಉಳಿಸಿಕೊಳ್ಳುತ್ತಿದ್ದೆ. ಈ ಸಲ ಹೋಗಲೇಬೇಕಿತ್ತು. ಅಕ್ಕನನ್ನು ನೋಡದೆ ವರ್ಷಗಳೇ ಆಗಿದ್ದವು.

ಹೋಗುವುದಕ್ಕೆ ವೀಸಾ ಒಂದೇ ಸಾಲದು, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಕಾರ್ಡು ಬೇಕು. ಅದಕ್ಕೂ ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಬೆಲೆ. ಜತೆಗೆ ಪ್ರಯಾಣಿಕರಿಗೆ ಸೂಚನೆಗಳು ಬೇರೆ: ಅದು ಉಷ್ಣವಲಯದ ದೇಶ, ಸೊಳ್ಳೆ ಕಚ್ಚಿಸಿಕೊಳ್ಳಬೇಡಿ, ರಸ್ತೆ ಬದಿಯಲ್ಲಿ ಕೊಯ್ದಿಟ್ಟ ಹಣ್ಣು ತಿನ್ನಬೇಡಿ, ಬೀದಿ ನಾಯಿಗಳ ಹತ್ತಿರ ಹೋಗಬೇಡಿ. ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಉಪ್ಪು ಖಾರ ಹಾಕಿದ ಅನಾನಸು ತಿನ್ನುತ್ತ, ಕಾಲಿಗೆ ಕಚ್ಚಿದ ಸೊಳ್ಳೆಯನ್ನು ಹೊಡೆಯುತ್ತ, ಬೆಂಚಿನಡಿ ಮಲಗಿದ ನಾಯಿಯನ್ನು ತುಳಿಯದ ಹಾಗೆ ಕಾಲು ಎತ್ತಿಟ್ಟುಕೊಂಡು ನಾನು ಇದನ್ನೆಲ್ಲ ಮೊಬೈಲಿನಲ್ಲಿ ಓದಿ, ಎಂಥ ದೇಶವಪ್ಪ ಅದು ಎಂದು ಮರುಗಿದೆ. ಆಗ ನಮ್ಮ ಓಣಿಯಲ್ಲೇ ಮನೆಗೊಬ್ಬರು ಡೆಂಗ್ಯು ಬಂದು ಮಲಗಿದ್ದರು. ಎದ್ದು ಕೂರುವಷ್ಟು ಚೇತರಿಸಿಕೊಂಡವರೆಲ್ಲ ನನ್ನನ್ನು ಕರೆದು, ಆಫ್ರಿಕದಲ್ಲಿ ಜಾಗ್ರತೆ ಮಾರಾಯ್ರೆ ಎಂದು ಬುದ್ಧಿ ಹೇಳಿದರು.

ಲಸಿಕೆಗೆ ಸಿಕ್ಕಿದ ದಿನ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ. ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಬರಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ರೋಗ ಬಾರದೆಂಬುದು ನಮ್ಮ ಕಡೆಯ ನಂಬಿಕೆ. ನಾನು ಬಂಟ್ವಾಳದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಇದಕ್ಕೆ ಪುರಾವೆ ಎಲ್ಲಿದೆ ಎಂದು ಪ್ರತಿ ವರ್ಷ ಮಕ್ಕಳನ್ನು ಕೇಳುವವನು. ಪ್ರತಿ ವರ್ಷ ತಪ್ಪದೆ ಕುಡಿಯುವವನೂ ನಾನೇ. ಅಳದಂಗಡಿಯಿಂದ ಹಿಂದಿನ ದಿನವೇ ಬಂದಿಳಿದಿದ್ದ ದೊಡ್ಡಮ್ಮ ಈ ಸಲ ನನ್ನ ಮುಂದೆ ಎರಡು ಲೋಟ ಇಟ್ಟರು.

"ಒಂದು ಇಲ್ಲಿಯ ರೋಗಕ್ಕೆ. ನಮ್ಮ ಮರಕ್ಕೆ ಅಲ್ಲಿಯ ರೋಗದ ಗುರ್ತ ಇಲ್ಲ, ಹಾಗಾಗಿ ಇನ್ನೊಂದು ಹೆಚ್ಚಿಗೆ ಕುಡಿ," ಎಂದರು.

ಈ ತರ್ಕದ ತೂತು ನನಗೆ ಚೆನ್ನಾಗಿಯೇ ಕಂಡಿತು. ಆದರೂ ಯಾವುದಕ್ಕೂ ಇರಲಿ ಎಂದು ಮೂಗು ಮುಚ್ಚಿ ಎರಡನ್ನೂ ಇಳಿಸಿದೆ. ಕಷಾಯದ ಉಷ್ಣ ತಣಿಯಲು ಮೇಲಿನಿಂದ ಮೆಂತೆ ಗಂಜಿ ಉಣ್ಣುವುದು ಕ್ರಮ. ಹೆಂಡತಿ ಒಲೆಯ ಮೇಲೆ ಇಟ್ಟಿದ್ದಳು, ಬೇಯುವವರೆಗೆ ನಿಲ್ಲಿ ಎಂದಳು. ಮಂಗಳೂರಿನ ಬಸ್ಸು ತಪ್ಪುತ್ತದೆಂದು ನಾನು ಹಾಗೇ ಓಡಿದೆ.

ಫರಂಗಿಪೇಟೆ ದಾಟುವಾಗ ಹೊಟ್ಟೆಯಲ್ಲಿ ಉರಿ ಹತ್ತಿತು. ಲಸಿಕೆ ಕೇಂದ್ರ ತಲುಪುವಾಗ ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಬೆವರಿದ್ದೆ. ಸಾಲಿನಲ್ಲಿ ನನ್ನ ಮುಂದೆ ನಮ್ಮ ಬಂಟ್ವಾಳದ ಹಮೀದ್ ನಿಂತಿದ್ದರು. ಗೇರುಬೀಜದ ವ್ಯಾಪಾರಕ್ಕೆ ತಾಂಜಾನಿಯಕ್ಕೆ ಹೊರಟವರು, ಅವರ ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. ಇವರು ನಮ್ಮ ವಿಜ್ಞಾನದ ಮಾಷ್ಟ್ರು ಎಂದು ಅವರು ಡಾಕ್ಟರಿಗೆ ಅಭಿಮಾನದಿಂದ ಪರಿಚಯ ಮಾಡಿಸಿದರು. ಮನೆಮದ್ದು ಏನಾದರೂ ತೆಗೆದುಕೊಂಡಿದ್ದೀರಾ ಎಂದು ಡಾಕ್ಟರು ಕೇಳಿದರು. ಅಷ್ಟು ಅಭಿಮಾನದ ಎದುರು ಏನು ಹೇಳಲಿ? ಇಲ್ಲ ಎಂದೆ. ಡಾಕ್ಟರು ನನ್ನ ಮುಖ ನೋಡಿ, ಇಷ್ಟು ಬೆವರುವವರಿಗೆ ಕಾರಣ ತಿಳಿಯದೆ ಚುಚ್ಚುವ ಹಾಗಿಲ್ಲ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಚುಚ್ಚಿಸಿಕೊಂಡರೆ ಹತ್ತು ದಿನ ಕಳೆಯುವ ಮೊದಲೇ ವಿಮಾನ ಹಾರಿ ಹೋಗುತ್ತಿತ್ತು. ಅಕ್ಕನ ಮುಖ ಕಣ್ಣ ಮುಂದೆ ಬಂತು.

"ಡಾಕ್ಟ್ರೇ, ಹಾಲೆ ಕಷಾಯ ಕುಡಿದಿದ್ದೇನೆ. ಎರಡು ಲೋಟ," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಮೆಂತೆ ಗಂಜಿ?"

"ಇಲ್ಲ."

"ಎಂಥ ಮಾಷ್ಟ್ರು ಮಾರಾಯ್ರೆ ನೀವು. ಗಂಜಿ ಉಣ್ಣದೆ ಯಾರಾದ್ರೂ ಹೊರಡ್ತಾರಾ? ನಾನು ಉಂಡೇ ಬಂದದ್ದು," ಎಂದರು ಡಾಕ್ಟರು.

ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು. ಹಮೀದ್ ಹೊರಗಿನಿಂದ ಮಜ್ಜಿಗೆ ತಂದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಬೆವರು ನಿಂತಿತು, ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ ಸೂಜಿ ಚುಚ್ಚಿ ಕಾರ್ಡಿಗೆ ಮುದ್ರೆ ಒತ್ತಿದರು. ಎರಡು ಲೋಟ ಯಾಕೆ ಎಂದು ಅವರು ಕೇಳಲಿಲ್ಲ. ಹಮೀದ್ ಬಸ್ಸಿನಲ್ಲಿ ಕೇಳಿದರು. ನಾನು ಊರು ಬರುವವರೆಗೆ ಕಿಟಕಿಯ ಹೊರಗೆ ನೋಡಿದೆ.

ಕಂಪಾಲಕ್ಕೆ ಹೋದೆ. ಅಕ್ಕ ನನ್ನನ್ನು ಅಪ್ಪಿಕೊಂಡು ಅತ್ತಳು, ನಾನೂ ಅತ್ತೆ. ಒಂದು ಸೀನೂ ಬಾರದೆ ಹಿಂತಿರುಗಿದೆ. ಈಗ ದೊಡ್ಡಮ್ಮ ಅಳದಂಗಡಿಯಿಂದ ಮುಂಡಾಜೆಯವರೆಗೆ, ಮಗನನ್ನು ಕಾಪಾಡಿದ್ದು ಎರಡನೆಯ ಲೋಟ ಎಂದು ಹೇಳಿಕೊಂಡು ಬರುತ್ತಿದ್ದಾರೆ. ಕಾಪಾಡಿದ್ದು ಲಸಿಕೆ ಎಂದು ತಿದ್ದಲು ಬಾಯಿ ತೆರೆದರೆ, ಹಾಗಾದರೆ ಅದನ್ನು ಕುಡಿದದ್ದು ಯಾಕೆ ಎಂದು ಜನ ಕೇಳುತ್ತಾರೆ. ಬರುವ ಆಟಿಗೆ ಮುಂಡಾಜೆಯ ನೆಂಟನೊಬ್ಬ ಆಫ್ರಿಕಕ್ಕೆ ಹೊರಡುವವನಿದ್ದಾನೆ. ಅನುಭವಸ್ಥನೆಂದು ಅವನಿಗೆ ಸಲಹೆ ಕೊಡಲು ನನ್ನನ್ನೇ ಕರೆದಿದ್ದಾರೆ. ಪುರಾವೆಯ ಮಾತು ಎತ್ತುವ ಧೈರ್ಯ ನನಗಿಲ್ಲ. ಗಂಜಿ ಉಂಡು ಹೊರಡು ಎಂದಷ್ಟೇ ಹೇಳಿ ಬರುತ್ತೇನೆ.