ದ್ವಾರಪಾಲಕನ ಪಟ್ಟಾಭಿಷೇಕ

ಎಲ್ಲದಕ್ಕೂ ಕಾರಣ ಪಕ್ಕದ ಮನೆಯಾಕೆ. ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಆಕೆ ಟಪಾಲು ಗುಮಾಸ್ತನ ಹೆಂಡತಿಯನ್ನು ಕೇಳಿದಳು: “ಇವತ್ತಿನ ನಾಟಕದಲ್ಲಿ ನಿಮ್ಮ ಯಜಮಾನ್ರದ್ದು ಯಾವ ಪಾತ್ರ? ಹೋದ ವರ್ಷ ಎಷ್ಟು ಹುಡುಕಿದ್ರೂ ಕಾಣಿಸ್ಲೇ ಇಲ್ಲ ನೋಡಿ.”

ಕಾಣಿಸುವುದಾದರೂ ಹೇಗೆ? ನೀರು ಸರಬರಾಜು ಕಚೇರಿಯ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷವೂ ಅದೇ ನಾಟಕ, ಅದರಲ್ಲಿ ಅವನು ಪ್ರತಿ ವರ್ಷವೂ ದ್ವಾರಪಾಲಕ. ರಾಜನ ಶಯನಗೃಹದ ಹೊರಗೆ, ನಡೆಯುವ ದೃಶ್ಯಕ್ಕೆ ಬೆನ್ನು ತಿರುಗಿಸಿ, ಭರ್ಜಿ ಹಿಡಿದು ನಿಲ್ಲಬೇಕು. ಮಾತು ಒಂದೇ: “ಅಪ್ಪಣೆ, ಪ್ರಭು!” ಆಮೇಲೆ ಬಾಗಿಲು ತೆರೆದುಕೊಳ್ಳುತ್ತಿತ್ತು, ಅವನು ಅದರ ಹಿಂದೆ ಮಾಯವಾಗುತ್ತಿದ್ದ.

ಹೆಂಡತಿ ಖಾಲಿ ಬಕೆಟ್ಟನ್ನು ದಡಾರನೆ ಇಟ್ಟಳು. “ಜನ್ಮಪೂರ್ತಿ ಬಾಗಿಲು ಕಾಯ್ತಾನೇ ಇರ್ತೀರಾ? ರಾಜನ ಪಾರ್ಟು ಮಾಡಿದೋರೆಲ್ಲ ಸೂಪರಿಂಟೆಂಡೆಂಟ್ ಆಗ್ಹೋದ್ರು. ಈಗ ಆ ಕುರ್ಚಿ ಖಾಲಿ ಬಿದ್ದಿದೆ. ಹೊಸ ಸಾಹೇಬ್ರು ಮುಂದಿನ ಸಾಲಲ್ಲೇ ಕೂತಿರ್ತಾರೆ. ನೀವು ಬಾಗಿಲ ಹಿಂದೆ!”

“ರಾಜನ ಪಾರ್ಟು ಹೆಡ್ ಕ್ಲಾರ್ಕ್‌ದಲ್ವೇನೇ? ಅವ್ರಿಗೆ ಮೈ ಕೆಟ್ರೆ ತಾನೇ ನಮಗೆ…”

“ಮೈ ತಾನಾಗೇ ಕೆಡುತ್ತಾ? ಅದನ್ನೂ ನಾನೇ ಹೇಳ್ಕೊಡಬೇಕಾ?”

ದೊಡ್ಡ ದುರಂತ ನಾಟಕಗಳಲ್ಲಿ ಪಾಪ ಮಾಡುವ ಮುನ್ನ ಮನುಷ್ಯ ಪುಟಗಟ್ಟಲೆ ತನ್ನೊಡನೆಯೇ ವಾದಿಸುತ್ತಾನೆ. ನಮ್ಮವನು ಬಸ್ ಸ್ಟಾಪಿನಿಂದ ಔಷಧಿ ಅಂಗಡಿಯವರೆಗೆ ವಾದಿಸಿದ. ಅಂಗಡಿ ಹತ್ತಿರವೇ ಇತ್ತು.

“ಒಂದು ಪೊಟ್ಟಣ ಭೇದಿ ಪುಡಿ ಕೊಡಿ.”

“ಒಂದು ಚಿಟಿಕೆ ಸಾಕು, ಹುಷಾರು. ಯಾರಿಗೆ, ದೊಡ್ಡೋರಿಗಾ?”

“ತುಂಬಾ ದೊಡ್ಡೋರಿಗೆ.”

ಹೆಡ್ ಕ್ಲಾರ್ಕರನ್ನು ಕಚೇರಿಯಲ್ಲಿ ಎಲ್ಲರೂ ಮಹಾರಾಜರೆಂದೇ ಕರೆಯುತ್ತಿದ್ದರು. ಗಂಟಲು ಕೆಡದಿರಲೆಂದು ನಾಟಕದ ದಿನ ಅವರೊಬ್ಬರಿಗೇ ಒಂದು ಫ್ಲಾಸ್ಕ್ ಟೀ ಬರುತ್ತಿತ್ತು. ಸಂಜೆ ಬಣ್ಣದ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಗುಮಾಸ್ತ ಅದರ ಮುಚ್ಚಳ ತೆಗೆದ. ಒಂದೇ ಚಿಟಿಕೆ ಹಾಕುವಷ್ಟು ಒಳ್ಳೆಯತನ ಅವನಲ್ಲಿ ಆಗಲೂ ಉಳಿದಿತ್ತು. ಅಷ್ಟರಲ್ಲಿ ಸೇನಾಪತಿಯ ವೇಷದ ಟೈಪಿಸ್ಟ್ ಒಳಗೆ ಬಂದ.

“ಏನ್ ಮಾಡ್ತಿದೀರಾ ಸಾರ್?”

ಪೊಟ್ಟಣ ಪೂರ್ತಿ ಒಳಗೆ ಸುರಿದುಹೋಯಿತು. “ಟೀ ಬಿಸಿ ಇದೆಯಾ ಅಂತ ನೋಡ್ತಿದ್ದೆ.”

ಮಹಾರಾಜರು ಮೀಸೆ ಅಂಟಿಸಿಕೊಳ್ಳುತ್ತಾ ಒಂದು ಲೋಟ ಕುಡಿದರು. ಇನ್ನೊಂದು ಬಗ್ಗಿಸಿಕೊಂಡು, “ನಿನಗೂ ಬೇಕೇನಯ್ಯಾ? ಪಾಪ, ಯಾವಾಗ್ಲೂ ನಿಂತೇ ಇರ್ತೀಯ,” ಎಂದರು. ಗುಮಾಸ್ತನಿಗೆ ಒಂದು ಕ್ಷಣ ನಿಜಕ್ಕೂ ನಾಚಿಕೆಯಾಯಿತು. “ಟೀ ಬಿಟ್ಟಿದೀನಿ ಸಾರ್,” ಎಂದ.

ಪರದೆ ಏಳುವ ಮುನ್ನ ಮಹಾರಾಜರು ಕಿರೀಟವನ್ನು ಮೇಜಿನ ಮೇಲೆ ಎಸೆದು, ಹೊಟ್ಟೆ ಹಿಡಿದುಕೊಂಡು ಹಿಂಬಾಗಿಲಿನಿಂದ ಓಡಿದರು. ನಾಟಕ ಆಡಿಸುತ್ತಿದ್ದ ಸ್ಟೋರ್ ಕೀಪರ್ ತಲೆಯ ಮೇಲೆ ಕೈ ಹೊತ್ತ. “ಅಯ್ಯೋ, ರಾಜನ ಮಾತು ಯಾರಿಗಪ್ಪಾ ಬರುತ್ತೆ?”

ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕೇಳಿದ್ದವನಿಗೆ ಒಂದಕ್ಷರವೂ ಬಿಡದೆ ಬರುತ್ತಿತ್ತು. ಕಿರೀಟ ದೊಡ್ಡದಾಗಿ ಕಿವಿಯ ತನಕ ಇಳಿಯಿತು, ಅಷ್ಟೇ. ಬಾಗಿಲಿಗೆ ಬದಲಿ ಆಳನ್ನು ಯಾರೂ ಹುಡುಕಲಿಲ್ಲ. ದ್ವಾರಪಾಲಕ ಇಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ.

ಎರಡು ದೃಶ್ಯ ಅವನು ಗರ್ಜಿಸಿದ. ಹೆಂಡತಿ ಪಕ್ಕದ ಮನೆಯಾಕೆಯನ್ನು ಮೊಣಕೈಯಿಂದ ತಿವಿದಳು. ಒರಗಿ ಕೂತಿದ್ದ ಸಾಹೇಬರು ನೆಟ್ಟಗಾದರು. ಗುಮಾಸ್ತನಿಗೆ ಸೂಪರಿಂಟೆಂಡೆಂಟರ ಕುರ್ಚಿ, ಅದರ ಮೆತ್ತೆಯ ಸಮೇತ ಕಣ್ಣಿಗೆ ಕಟ್ಟಿತು.

ಮೂರನೆಯ ದೃಶ್ಯದಲ್ಲಿ ಸೇನಾಪತಿ ರಾಜನಿಗೆ ಮದ್ಯ ಕುಡಿಸಿ, ಮಲಗಿಸಿ, ಕೊಲ್ಲಬೇಕು. ಗುಮಾಸ್ತ ರಾಜಗಾಂಭೀರ್ಯದಿಂದ ಬಟ್ಟಲನ್ನು ಒಂದೇ ಗುಟುಕಿಗೆ ಬರಿದು ಮಾಡಿದ. ಮಾಡಿದ ಮೇಲೆ ನಾಲಿಗೆ ಎಚ್ಚರವಾಯಿತು.

“ಇದೇನಯ್ಯಾ ಇದು?” ಎಂದು ಪಿಸುಗುಟ್ಟಿದ.

“ಮಹಾರಾಜ್ರ ಫ್ಲಾಸ್ಕಲ್ಲಿ ಉಳಿದ ಟೀ ಸಾರ್. ನೀರಿಗೆ ಮದ್ಯದ ಬಣ್ಣ ಬರಲ್ಲ ಅಂತ ಸ್ಟೋರ್ ಕೀಪರ್ ಪ್ರತಿ ವರ್ಷ ಅದನ್ನೇ ತಾನೇ ಹಾಕೋದು? ನೀವು ನೋಡಿಲ್ವಾ?”

ನೋಡುವುದಾದರೂ ಹೇಗೆ? ಬೆನ್ನಿಗೆ ಕಣ್ಣಿಲ್ಲವಲ್ಲ.

ರಾಜ ಮಲಗಿದ. ಚಿಟಿಕೆಯಾಗಿದ್ದರೆ ನಾಟಕ ಮುಗಿಯುವವರೆಗೆ ಕಾಯುತ್ತಿತ್ತೇನೋ. ಪೊಟ್ಟಣಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಟೈಪಿಸ್ಟ್ ಮಾತ್ರ ಸಾಹೇಬರ ಕಡೆ ತಿರುಗಿ, ಒಂದೊಂದೇ ಪದವನ್ನು ಎಳೆಯತೊಡಗಿದ.

“ಎಲೈ ಸಿಂಹಾಸನವೇ! ನಿನ್ನನ್ನೇರಿದವನು ಕೊಂದು ಏರಿದ. ಇನ್ನು ಏರುವವನೂ ಕೊಂದೇ ಏರುವನು! ಕೊಲ್ಲಲೇ? ಬೇಡವೇ?”

“ಬೇಗ ಕೊಲ್ಲಯ್ಯಾ!” ಎಂದಿತು ಮಂಚ.

“ಇನ್ನೂ ಎರಡು ಪದ್ಯ ಇದೆ, ಸುಮ್ನಿರಿ ಸಾರ್.”

ಮೊದಲ ಪದ್ಯದ ಅರ್ಧಕ್ಕೇ ರಾಜ ಮಂಚದಿಂದ ಜಿಗಿದ. ಏನು ಹೇಳಬೇಕೆಂದು ತೋಚದೆ, ಅಭ್ಯಾಸಬಲದಿಂದ “ಅಪ್ಪಣೆ, ಪ್ರಭು!” ಎಂದು ಕೂಗಿ ಬಾಗಿಲಿನಿಂದಾಚೆ ಓಡಿದ. ಕಿರೀಟ ಉರುಳಿತು. ಟೈಪಿಸ್ಟ್ ಅದನ್ನೆತ್ತಿ ತನ್ನ ತಲೆಗಿಟ್ಟುಕೊಂಡು, “ನನ್ನ ನೆರಳಿಗೇ ಹೆದರಿ ರಾಜ ನನ್ನ ಅಪ್ಪಣೆ ಬೇಡಿ ಓಡಿದ!” ಎಂದು ಅಬ್ಬರಿಸಿದ. ಚಪ್ಪಾಳೆಗೆ ಸಭಾಂಗಣವೇ ಬಿದ್ದುಹೋಗುವಂತಾಯಿತು.

ರಂಗದ ಹಿಂದೆ ಇದ್ದದ್ದು ಒಂದೇ ಕಕ್ಕಸು. ಅದಕ್ಕೆ ಒಳಗಿನಿಂದ ಚಿಲಕ ಬಿದ್ದಿತ್ತು. ಗುಮಾಸ್ತ ಬಡಿದ.

“ಯಾರಲ್ಲಿ?” ಸೋತಿದ್ದರೂ ರಾಜಧ್ವನಿಯೇ.

“ನಾನು ಸಾರ್, ದ್ವಾರಪಾಲಕ… ಅಲ್ಲ, ರಾಜ.”

“ರಾಜ ಒಳಗಿದಾನೆ. ಕಾಯಿ.”

ಗುಮಾಸ್ತ ಇನ್ನೂ ಜೋರಾಗಿ ಬಡಿದ. ಆಮೇಲೆ ಒಳಗಿನಿಂದ ಪ್ರಶ್ನೆ ಬಂತು: “ಎಷ್ಟು ಹಾಕ್ದೆ?”

ಸುಳ್ಳು ಹೇಳುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. “ಪೂರ್ತಿ ಪೊಟ್ಟಣ ಸಾರ್.”

“ಅಯೋಗ್ಯ! ನನಗಿಂತ ಮುಂಚೆ ರಾಜ ಆಗಿದ್ದೋರಿಗೆ ನಾನು ಹಾಕಿದ್ದು ಬರೀ ಅರ್ಧ ಚಮಚ. ಯಾವುದಕ್ಕೂ ಒಂದು ಮಿತಿ ಬೇಡ್ವಾ?”

ಅಷ್ಟರಲ್ಲಿ ಹೆಂಡತಿ ಧುಮುಗುಟ್ಟುತ್ತಾ ಬಂದಳು. “ಸಾಹೇಬ್ರು ರಂಗದ ಮೇಲೇ ಹೋಗಿ ಆ ಟೈಪಿಸ್ಟ್ ಕೈ ಕುಲುಕಿದ್ರು, ನಾಳೆ ರೂಮಿಗೆ ಬಾ ಅಂದ್ರು! ಪಕ್ಕದ ಮನೆಯಾಕೆ ಮುಂದೆ ನನ್ನ ಮಾನ ಹೋಯ್ತು. ನೀವು ಇಲ್ಲಿ ನಿಂತು ಏನ್ ಮಾಡ್ತಿದೀರಾ?”

ಗುಮಾಸ್ತ ಕಾಲಿಗೆ ಕಾಲು ಹೆಣೆದುಕೊಂಡು ಗೋಡೆಗೆ ಒರಗಿದ.

“ಬಾಗಿಲು ಕಾಯ್ತಿದೀನಿ ಕಣೇ.”