ಉಮಾನಾಥರು ಹಾಯಿದೋಣಿ ಕೊಳ್ಳಲು ಹೋದದ್ದು

ವ್ಯಾಪಾರಿಯ ಕಣ್ಣಿನಿಂದ ತೂಗಿದರೆ ಮೋಹಿನಿ ಒಳ್ಳೆಯ ಸರಕು: ಗಟ್ಟಿ ಬಾಳಿಕೆ, ಮಾಸದ ಹೊಳಪು (ವಾಪಸು ಮಾಡುವ ಸೌಲಭ್ಯ ಮಾತ್ರ ಇಲ್ಲ). ಒಂದೇ ದೋಷ, ಚೌಕಾಸಿಯ ನಡುವೆ ನಿಜ ಹೇಳಿಬಿಡುತ್ತಾಳೆ. ಹಾಗಾಗಿ ಕ್ಯಾಲಿಫೋರ್ನಿಯಾದ ಆರ್ಟೀಶಿಯಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗಂಡ ಉಮಾನಾಥರು ಆಕೆಯನ್ನು ಗಲ್ಲಾದ ಹತ್ತಿರ ಎಂದೂ ಬಿಟ್ಟುಕೊಂಡವರಲ್ಲ.

ಅಂಥವರು ಕೊರೋನಾ ಕಳೆದ ವರ್ಷದ ಒಂದು ಭಾನುವಾರ ಆಕೆಯನ್ನು ಸ್ಯಾನ್ ಡಿಯಾಗೋ ಬಂದರಿಗೆ ಕರೆದೊಯ್ದದ್ದು ವಿಧಿಲೀಲೆ. (ಕಾರಿನ ಕೀ ಆಕೆಯ ಕೈಯಲ್ಲಿತ್ತು.) ಅಲ್ಲೊಂದು ಪುಟ್ಟ ಮರದ ಹಾಯಿದೋಣಿ ಮಾರಾಟಕ್ಕಿತ್ತು. ಎರಡು ಮಹಾಯುದ್ಧಗಳ ನಡುವಿನ ಬಿಡುವಿನಲ್ಲಿ ಒಬ್ಬ ಶಾಲಾ ಮೇಷ್ಟ್ರು ಹಿತ್ತಲಲ್ಲಿ ಕಟ್ಟಿದ್ದು. ಮಾರುತ್ತಿದ್ದವರು ಅವರ ಮಗಳು, ಡೊರತಿ ಅಜ್ಜಿ. ಮಲ್ಪೆಯಲ್ಲಿ ಹುಟ್ಟಿಯೂ ಕಡಲೆಂದರೆ ಅಮ್ಮನಿಗಿದ್ದ ಹೆದರಿಕೆಯಿಂದ ಒಮ್ಮೆಯೂ ದೋಣಿ ಹತ್ತದ ಉಮಾನಾಥರಿಗೆ ಜೇನುಬಣ್ಣದ ಆ ಹಲಗೆಗಳನ್ನು ಒಮ್ಮೆ ಸವರಬೇಕೆನಿಸಿತು. ಮುಖದಲ್ಲಿ ತೋರಿಸಲಿಲ್ಲ. ಬೇಕಾದ ವಸ್ತುವನ್ನು ಹೊಗಳುವುದು ವ್ಯಾಪಾರಧರ್ಮಕ್ಕೆ ವಿರುದ್ಧ.

“ಮರ ಹಳತು,” ಎಂದರು. “ಹಾಯಿಗೆ ತೇಪೆ. ಇದು ತೇಲುವುದೇ ದೊಡ್ಡದು.”

ಅಜ್ಜಿ ಕೋಲೂರಿ ಎದ್ದರು. “ಅಪ್ಪ ಕಟ್ಟಿದ್ದನ್ನು ಪ್ರೀತಿಸುವವರಿಗೆ ಮಾತ್ರ ಕೊಡುತ್ತೇನೆ. ನೀವು ಹೊರಡಿ.”

ಗಾಬರಿಬಿದ್ದ ಉಮಾನಾಥರು ತಾವಾಗಿಯೇ ಬೆಲೆ ಏರಿಸಿದರು. ಅಜ್ಜಿ ತಿರುಗಿಯೂ ನೋಡಲಿಲ್ಲ.

“ಎಂತ ಮಾರಾಯ್ರೆ ನೀವು!” ಮೋಹಿನಿ ಸಿಡುಕಿದಳು. “ನನ್ನನ್ನು ನೋಡ್ಲಿಕ್ಕೆ ಬಂದಾಗಲೂ ಹುಡುಗಿ ಕುಳ್ಳಿ, ಕಾಫಿ ನೀರು ಅಂದವರಲ್ವಾ?”

“ಸುಮ್ನಿರು ಮಾರಾಯ್ತಿ! ಇದು ವ್ಯಾಪಾರ.”

“ವ್ಯಾಪಾರ ಮುಳುಗಿತಲ್ಲ, ಇನ್ನೆಂತ ಸುಮ್ನಿರುವುದು?” ಎಂದವಳೇ ಅಜ್ಜಿಯ ಕೈ ಹಿಡಿದು ಇಂಗ್ಲಿಷಿನಲ್ಲಿ ಶುರುಮಾಡಿದಳು: “ಇವರು ಹೇಳಿದ್ದೆಲ್ಲ ಸುಳ್ಳು. ಮಾಲು ತರ್ತೇನೆ ಅಂತ ಭಾನುವಾರ ಭಾನುವಾರ ಇಲ್ಲಿಗೆ ಬಂದು ನಿಮ್ಮ ದೋಣಿಯನ್ನು ದೂರದಿಂದ ನೋಡಿ ಹೋಗ್ತಾರೆ. ಫೋನಿನ ತುಂಬ ಇದರದ್ದೇ ಫೋಟೋ. ನಿದ್ದೆಯಲ್ಲಿ ಹಾಯಿ ಎಳೀತಾರೆ, ನನ್ನ ಹೊದಿಕೆ ಪೂರ್ತಿ ಅವರ ಕಡೆಗೆ!”

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡರು ಉಮಾನಾಥರು. ದೋಣಿಕಟ್ಟೆಯ ಹಲಗೆಗಳ ಕೆಳಗೆ ಭೂಮಿಯಿರಲಿಲ್ಲ, ನೀರಿತ್ತು.

ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. “ಕೊಡುತ್ತೇನೆ. ನಿನಗೆ. ಇವರನ್ನು ಕೂರಿಸಿಕೊಳ್ಳುವುದು ಬಿಡುವುದು ನಿನ್ನಿಷ್ಟ.”

ಕಾಗದಪತ್ರ ಮೋಹಿನಿಯ ಹೆಸರಿಗಾಯಿತು. ಈಗ ಚುಕ್ಕಾಣಿ ಆಕೆಯದು. ಮೂಲೆಯಲ್ಲಿ ಡಬ್ಬ ಹಿಡಿದು ನೀರು ಮೊಗೆದು ಚೆಲ್ಲುವ ಮಹತ್ಕಾರ್ಯ ಉಮಾನಾಥರದು. ಹಾಯಿ ತುಂಬಿ ದೋಣಿ ಸದ್ದಿಲ್ಲದೆ ವಾಲುವಾಗ, ಐವತ್ತು ವರ್ಷ ಕಾದ ಗಾಳಿ ಮುಖಕ್ಕೆ ತಾಗುವಾಗ, ಅವರ ಬಾಯಿಂದ ದೋಷ ಹುಡುಕುವ ಒಂದು ಮಾತೂ ಹೊರಡುವುದಿಲ್ಲ.

ಆ ಗಾಳಿ ಮೋಹಿನಿ ಕೊಡಿಸಿದ್ದು. ಆಕೆಯನ್ನು ಬಾಯಿಬಿಟ್ಟು ಹೊಗಳುವ ಒಂದು ಮಾತು ಉಮಾನಾಥರು ಬಾಕಿ ಉಳಿಸಿಕೊಂಡಿದ್ದಾರೆ.